ಬಸಿರಿನ ನೆಪಕ್ಕೂ ಒಂದು ಗಡುವುಂಟು

ಬಸುರಿಗೆ ಸುಸ್ತಾಗುತ್ತದೆ, ವಾಂತಿಯಾಗುತ್ತದೆ, ಬೆನ್ನು ನೋಯುತ್ತದೆ, ಮಲಬದ್ಧತೆ ಕಾಡುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದು ಅತ್ತೆಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು, ಆಶಾ ಕಾರ್ಯಕರ್ತೆಗೂ ಗೊತ್ತು. ಬಸಿರಿನ ಕಾಲದಲ್ಲಿ ಬರುವ ಅಪರೂಪದ ಕ್ಯಾನ್ಸರಿಗೆ ಅಡಗಿ ಕೂರಲು ಬೇರೆ ಜಾಗ ಬೇಕಿಲ್ಲ. ಎಲ್ಲರಿಗೂ ಬಾಯಿಪಾಠವಾಗಿರುವ ಈ ಪಟ್ಟಿಯೊಳಗೇ ಅದು ಆರಾಮಾಗಿ ಕೂತಿರುತ್ತದೆ.

ಸುಮಾರು 1000 ಬಸಿರುಗಳಲ್ಲಿ ಒಂದರಲ್ಲಿ ತಾಯಿಗೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲು ಸ್ತನ, ಗರ್ಭಕೊರಳು, ಥೈರಾಯ್ಡ್, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮತ್ತು ರಕ್ತದ ಕ್ಯಾನ್ಸರುಗಳದ್ದು. ಉಳಿದ ಚೂರು ಪಾಲಿನಲ್ಲಿ ಅಡ್ರಿನಲ್ ಗ್ರಂಥಿಯ ಗಡ್ಡೆ, ಅಂಡಾಶಯದಲ್ಲಿ ಅಂಡಾಣುವಿನ ಮೂಲಕೋಶದಿಂದ ಹುಟ್ಟುವ ಜರ್ಮ್ ಸೆಲ್ ಗಡ್ಡೆ, ಜಠರ, ದೊಡ್ಡ ಕರುಳು, ಮೂಳೆ, ಮಾಸಿನಿಂದಲೇ ಹುಟ್ಟುವ ಕೋರಿಯೋಕಾರ್ಸಿನೋಮಾ ಎಲ್ಲ ಬರುತ್ತವೆ. ಒಬ್ಬ ಪ್ರಸೂತಿ ವೈದ್ಯರು ಇಡೀ ವೃತ್ತಿಯಲ್ಲಿ ಇವುಗಳಲ್ಲಿ ಒಂದೆರಡನ್ನು ಕಂಡರೆ ಹೆಚ್ಚು. ನಮ್ಮ ಕರಾವಳಿಯಲ್ಲಿ ಯಂತ್ರಗಳಿಗೆ ಬರವಿಲ್ಲ. ಮಣಿಪಾಲದಿಂದ ಹೊರಟು ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಬಂದರೆ ಮಂಗಳೂರು, ಕಂಕನಾಡಿ, ದೇರಳಕಟ್ಟೆ ಅಂತ ವೈದ್ಯಕೀಯ ಕಾಲೇಜುಗಳ ಸಾಲೇ ಇದೆ. ಎಂಆರ್‌ಐ ಉಂಟು, ಎಂಡೋಸ್ಕೋಪಿ ಉಂಟು, ಗಡ್ಡೆಯ ತುಣುಕು ಪರೀಕ್ಷಿಸುವ ಪೆಥಾಲಜಿ ಉಂಟು. ಕೊರತೆಯಿರುವುದು ಸಂಶಯಪಡುವ ಗಳಿಗೆಗೆ ಮಾತ್ರ.

ಆ ಗಳಿಗೆ ಎಲ್ಲಿಂದ ಬರಬೇಕು? ಬಸಿರಿನ ಒಂದೊಂದು ತೊಂದರೆಗೂ ಅದರದೇ ಆದ ತಾರೀಕು ಇದೆ, ಇಂಥ ವಾರದಲ್ಲಿ ಶುರು, ಇಂಥ ವಾರದಲ್ಲಿ ಮುಗಿತಾಯ. ತಾರೀಕು ಮೀರಿದ ತೊಂದರೆಯನ್ನು ಮತ್ತೆ ಬಸಿರಿನ ಲೆಕ್ಕಕ್ಕೆ ಬರೆಯಬಾರದು. ಬೆಳಗಿನ ವಾಂತಿಯನ್ನೇ ನೋಡಿ. ಅದು 5-6ನೇ ವಾರಕ್ಕೆ ಶುರುವಾಗಿ, 9ರ ಸುಮಾರಿಗೆ ಜೋರಾಗಿ, ಬಹುತೇಕರಲ್ಲಿ 16ರೊಳಗೆ, ಉಳಿದವರಲ್ಲಿ ಹೆಚ್ಚಿನವರಿಗೆ 20ರೊಳಗೆ ಇಳಿಯುತ್ತದೆ. ಮೊದಲ ಮೂರು ತಿಂಗಳು ಚೆನ್ನಾಗಿದ್ದವಳಿಗೆ 22ನೇ ವಾರದಲ್ಲಿ ಹೊಸದಾಗಿ ವಾಂತಿ ಶುರುವಾಗಿ, ಗಂಜಿ ನೀರೂ ನಿಲ್ಲದೆ, ತೂಕ ಏರುವ ಬದಲು ಇಳಿಯುತ್ತಿದ್ದರೆ ಅದಕ್ಕೆ ಬೆಳಗಿನ ವಾಂತಿ ಎಂಬ ಹೆಸರು ಸಲ್ಲುವುದಿಲ್ಲ. ಪಿತ್ತಕೋಶ, ಲಿವರ್, ಸಕ್ಕರೆ ನೋಡಿ, ಅಲ್ಲೂ ಕಾರಣ ಸಿಗದಿದ್ದರೆ ಜಠರದ ಎಂಡೋಸ್ಕೋಪಿಗೆ ಹೆದರಬಾರದು. ಎಡಮಗ್ಗುಲಲ್ಲಿ ಮಲಗಿಸಿ, ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆದು, ಮಂಪರು ಮದ್ದನ್ನು ಆದಷ್ಟು ಕಡಿಮೆ ಮಾಡಿದರೆ ಕೆಲವೇ ನಿಮಿಷದ ಕೆಲಸ.

ರಕ್ತಹೀನತೆಗೂ ಹೀಗೇ. ಬಸಿರಿನಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಇಳಿದು ಕಾಣುತ್ತದೆ, ಆದರೂ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎಂದೇ ಲೆಕ್ಕ, ನಡುವಿನ ಮೂರು ತಿಂಗಳಲ್ಲಿ 10.5. ಕಬ್ಬಿಣದ ಮಾತ್ರೆ ಸರಿಯಾಗಿ ನುಂಗಿದರೆ ಮೂರ್ನಾಲ್ಕು ವಾರದಲ್ಲಿ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮೊದಲು ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಯಿತೇ, ಚಾ ಕಾಫಿಯ ಜೊತೆ ಹೋಯಿತೇ ಎಂದು ಕೇಳಬೇಕು. ಆಮೇಲೆ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯದ ರಕ್ತದೋಷದ ವಾಹಕಳೇ ಎಂದು ನೋಡಬೇಕು. ಎರಡೂ ಅಲ್ಲವಾದರೆ ರಕ್ತ ಎಲ್ಲೋ ಸೋರುತ್ತಿರಬಹುದು. ಮಲದಲ್ಲಿ ರಕ್ತ ಹೋಗುತ್ತಿದೆ ಎಂದರೆ ಸಾಕು, ನಮ್ಮಲ್ಲಿ ಮೂಲವ್ಯಾಧಿ ಎಂದು ಮುಲಾಮು ಕೈಗೆ ಬಂದಿರುತ್ತದೆ. ಬಸುರಿಯರಿಗೆ ಮೂಲವ್ಯಾಧಿ ಬರುವುದು ಸುಳ್ಳಲ್ಲ. ಆದರೆ ಬೆರಳು ಹಾಕಿ, ಪ್ರಾಕ್ಟೋಸ್ಕೋಪ್ ಎಂಬ ಕೊಳವೆ ಇಟ್ಟು ಕಣ್ಣಾರೆ ಕಂಡದ್ದು ಮಾತ್ರ ಮೂಲವ್ಯಾಧಿ, ಉಳಿದದ್ದು ಊಹೆ. ಗುದನಾಳದ ಕ್ಯಾನ್ಸರ್ ಎಷ್ಟೋ ಸಲ ಬೆರಳಿಗೇ ಸಿಗುವಷ್ಟು ಕೆಳಗಿರುತ್ತದೆ. ಬಸುರಿ ಎಂಬ ಸಂಕೋಚಕ್ಕೆ ಆ ಅರ್ಧ ನಿಮಿಷದ ಪರೀಕ್ಷೆ ತಪ್ಪಿಹೋಗುವುದು ಎಲ್ಲಕ್ಕಿಂತ ಬೇಸರದ ಸಂಗತಿ.

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಬಸಿರು ಮಾಡುವ ಗೊಂದಲ ಒಂದೆರಡಲ್ಲ. ಲಿವರ್ ಪರೀಕ್ಷೆಯ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ, ಅದು ಮಾಸಿನದು. ಇಎಸ್‌ಆರ್ (ಮೈಯೊಳಗಿನ ಉರಿಯೂತದ ಅಳತೆ) ಏರುತ್ತದೆ, ಹಾಗಾಗಿ ಈ ಕೆಲಸಕ್ಕೆ ಅದನ್ನು ಮಾಡಿಸುವುದೇ ದಂಡ. ಬಿಳಿ ರಕ್ತಕಣ 15,000ದವರೆಗೆ ಏರಿದರೂ ಗಾಬರಿಯಿಲ್ಲ. ಕ್ಯಾನ್ಸರಿನ ಗುರುತೆಂದು ರಕ್ತದಲ್ಲಿ ನೋಡುವ ಅಂಶಗಳೂ ಹಾಗೇ. ಎಎಫ್‌ಪಿ ಮಗುವಿನಿಂದ ಬರುತ್ತದೆ, ಬೀಟಾ ಎಚ್‌ಸಿಜಿ ಮಾಸಿನಿಂದ ಬರುತ್ತದೆ, ಸಿಎ-125 ಮೊದಲ ಮೂರು ತಿಂಗಳಲ್ಲಿ ತಾನಾಗಿ ಏರುತ್ತದೆ. ಅಂಡಾಶಯದಲ್ಲಿ ಗಡ್ಡೆ ಕಂಡ ಕೂಡಲೇ ಈ ಮೂರನ್ನೂ ಒಟ್ಟಿಗೆ ಬರೆದುಕೊಟ್ಟು, ಬಂದ ಅಂಕಿಯ ಪಕ್ಕದ ಬಾಣದ ಗುರುತು ನೋಡಿ ಮನೆಯವರೆಲ್ಲ ಕಂಗಾಲಾಗುವುದು ಸಾಮಾನ್ಯ. ಆ ಬಾಣ ಬಸುರಿಯಲ್ಲದವರ ಅಳತೆಗೆ ಹಾಕಿದ್ದು. ಎಲ್‌ಡಿಎಚ್ ಎಂಬ ಕಿಣ್ವ ಮಾತ್ರ ಸಹಜ ಬಸಿರಿನಲ್ಲಿ ಹೆಚ್ಚು ಏರುವುದಿಲ್ಲ. ಎಳೆಯ ವಯಸ್ಸಿನವರಲ್ಲಿ ಬರುವ ಡಿಸ್‌ಜರ್ಮಿನೋಮಾ ಎಂಬ ಅಂಡಾಶಯದ ಗಡ್ಡೆಗೆ ಅದು ಒಳ್ಳೆಯ ಸುಳಿವು. ಆದರೆ ಕೊನೆಯ ತಿಂಗಳುಗಳಲ್ಲಿ ಬಿಪಿ ಏರಿ, ಪ್ಲೇಟ್‌ಲೆಟ್ ಇಳಿದು, ಲಿವರ್ ಕೆಟ್ಟ ಹೆಲ್ಪ್ ಸಿಂಡ್ರೋಮಿನಲ್ಲೂ ಎಲ್‌ಡಿಎಚ್ ಏರುತ್ತದೆ ಎಂಬುದು ನೆನಪಿರಲಿ.

ಪ್ಲೇಟ್‌ಲೆಟ್ ಇಳಿದಾಗಲೂ ತಾರೀಕು ನೋಡಬೇಕು. ಬಸಿರಿನಿಂದಲೇ ಆಗುವ ಇಳಿಕೆ ಸಾಮಾನ್ಯವಾಗಿ ಕೊನೆಯ ಮೂರು ತಿಂಗಳದ್ದು, 70-80 ಸಾವಿರದಿಂದ ಕೆಳಗೆ ಹೋಗುವುದು ವಿರಳ. 14ನೇ ವಾರದಲ್ಲೇ 60,000 ಇದ್ದು, ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಅದೇ ದಿನ ಪೆರಿಫೆರಲ್ ಸ್ಮಿಯರ್ ಮಾಡಿ, ಯಂತ್ರದ ಎಣಿಕೆಯನ್ನು ನೆಚ್ಚದೆ ಕಣ್ಣಿನಿಂದ ನೋಡಬೇಕು. ಒಂದು ಹನಿ ರಕ್ತ, ಒಂದು ಗಾಜಿನ ಪಟ್ಟಿ, ಲೀಶ್ಮನ್ ಬಣ್ಣ, ನೋಡಲು ಬಲ್ಲ ಒಂದು ಜೊತೆ ಕಣ್ಣು ಇದ್ದರಾಯಿತು. ಬ್ಲಾಸ್ಟ್ ಎಂಬ ಬಲಿಯದ ಕಣ (ರಕ್ತದ ಕ್ಯಾನ್ಸರಿನ ಸುಳಿವು) ಕಂಡರೆ ಅಸ್ಥಿಮಜ್ಜೆಯ ಪರೀಕ್ಷೆ, ಅದನ್ನು ಸೊಂಟದ ಮೂಳೆಯ ಹಿಂಬದಿಯಿಂದ ಲಿಗ್ನೊಕೇನ್ ಕೊಟ್ಟು ಯಾವ ತಿಂಗಳಲ್ಲಾದರೂ ಮಾಡಬಹುದು.

ಈಗ ಫಿಯೋಕ್ರೊಮೋಸೈಟೋಮಾಕ್ಕೆ ಬರೋಣ. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಗಡ್ಡೆ ಇದು. ಮೊದಲು ಇದರಲ್ಲಿ ನಿರುಪದ್ರವಿ, ಕ್ಯಾನ್ಸರ್ ಎಂದು ಎರಡು ಜಾತಿ ಮಾಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2017ರ ವಿಂಗಡಣೆಯಲ್ಲಿ ಎಲ್ಲಕ್ಕೂ ಹರಡುವ ಸಾಮರ್ಥ್ಯ ಉಂಟೆಂದು ಒಪ್ಪಿಕೊಂಡರು. ಬಿಪಿ ಏರಿಸುವ ಅಡ್ರಿನಲಿನ್ ಜಾತಿಯ ರಸವನ್ನು ಸುರಿಸುವುದರಿಂದ ಬಸಿರಿನಲ್ಲಿ ಇದು ಬಿಪಿಯ ವೇಷ ಹಾಕಿ ಬರುತ್ತದೆ. ಬಸಿರಿನಿಂದಲೇ ಬರುವ ಬಿಪಿ 20 ವಾರಕ್ಕೆ ಮೊದಲು ಬರುವುದು ಬಲು ಅಪರೂಪ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 12ನೇ ವಾರದಲ್ಲಿ 170/110, ಒಂದು ತಾಸಿನ ನಂತರ 120/80, ನಡುವೆ ತಲೆಸಿಡಿತ, ಎದೆಬಡಿತ, ಮೈಯೆಲ್ಲ ಬೆವರು, ಮೂತ್ರದಲ್ಲಿ ಪ್ರೋಟೀನ್ ಇಲ್ಲ ಎಂದಾದರೆ ಅಡ್ರಿನಲ್ ನೆನಪಾಗಲೇಬೇಕು. ಮಂಗಳೂರಿನ ಸೆಕೆಯಲ್ಲಿ ಬೆವರದವರು ಯಾರು ಎಂದು ಕೇಳಬಹುದು. ಸೆಕೆಯ ಬೆವರು ಫ್ಯಾನಿನಡಿ ಕೂತರೆ ಆರುತ್ತದೆ, ಈ ಬೆವರಿನ ಜೊತೆ ಮುಖ ಬಿಳಿಚಿಕೊಳ್ಳುತ್ತದೆ.

ಇಲ್ಲಿ ಎರಡು ಮದ್ದುಗಳು ಕೈಕೊಡುತ್ತವೆ. ವಾಂತಿಗೆಂದು ಕಣ್ಣುಮುಚ್ಚಿ ಕೊಡುವ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಈ ಗಡ್ಡೆಯನ್ನು ಕೆರಳಿಸಿ ಬಿಪಿಯನ್ನು ಆಕಾಶಕ್ಕೇರಿಸಬಲ್ಲದು. ಬಸಿರಿನ ಬಿಪಿಗೆ ಎಲ್ಲರೂ ಮೊದಲು ಬರೆಯುವ ಲ್ಯಾಬೆಟಲಾಲ್‌ನಲ್ಲಿ ಹೃದಯದ ಓಟ ತಗ್ಗಿಸುವ ಬೀಟಾ ತಡೆಯೇ ಮುಂದು, ರಕ್ತನಾಳ ಸಡಿಲಿಸುವ ಆಲ್ಫಾ ತಡೆ ಹಿಂದು. ಅದೊಂದನ್ನೇ ಕೊಟ್ಟಾಗ ಬಿಪಿ ಇಳಿಯುವ ಬದಲು ಏರಿದರೆ ಆ ಏರಿಕೆಯೇ ರೋಗದ ಗುರುತು. ಅಂಥ ಕಡೆ ಡೋಸ್ ಹೆಚ್ಚಿಸುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಮೊದಲು ಆಲ್ಫಾ ತಡೆ, ಅದು ಹಿಡಿದ ಮೇಲಷ್ಟೇ ಬೀಟಾ ತಡೆ.

ಪರೀಕ್ಷೆ ಎಂದರೆ ಅಡ್ರಿನಲಿನ್ ರಸ ಒಡೆದು ಆಗುವ ಮೆಟನೆಫ್ರಿನ್, ರಕ್ತದಲ್ಲಿ ಅಥವಾ 24 ಗಂಟೆಯ ಮೂತ್ರದಲ್ಲಿ. ಬಸಿರು ಈ ಅಂಕಿಯನ್ನು ಬದಲಿಸುವುದಿಲ್ಲ ಎಂಬುದೇ ಇದರ ದೊಡ್ಡ ಗುಣ. ಮೂತ್ರ ಹಿಡಿಯುವಾಗ ತಪ್ಪಾಗುವುದೇ ಹೆಚ್ಚು. ಬೆಳಿಗ್ಗೆ 6ಕ್ಕೆ ಎದ್ದ ಮೂತ್ರವನ್ನು ಚೆಲ್ಲಬೇಕು, ಅಲ್ಲಿಂದ ಮರುದಿನ 6ರ ಮೂತ್ರದವರೆಗೆ ಪ್ರತಿಯೊಂದು ಹನಿಯೂ ಲ್ಯಾಬಿನವರು ಕೊಟ್ಟ ಡಬ್ಬಿಗೆ ಬೀಳಬೇಕು. ಡಬ್ಬಿಯೊಳಗೆ ಆಸಿಡ್ ಹಾಕಿರುತ್ತಾರೆ, ಅದನ್ನು ತೊಳೆಯಬಾರದು, ನೇರ ಅದರ ಮೇಲೆ ಕೂರಲೂ ಬಾರದು, ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಬೇಕು. ಜೊತೆಗೆ ಕ್ರಿಯಾಟಿನಿನ್ ಕೇಳಿದರೆ ಮೂತ್ರ ಪೂರ್ತಿ ಬಂದಿದೆಯೇ ಎಂದು ತಿಳಿಯುತ್ತದೆ. ರಕ್ತವಾದರೆ 20-30 ನಿಮಿಷ ಎಡಮಗ್ಗುಲಲ್ಲಿ ಮಲಗಿಸಿ ಆಮೇಲೆ ತೆಗೆಯಬೇಕು, ಕೂತಲ್ಲೇ ಚುಚ್ಚಿದರೆ ಅಂಕಿ ಸುಳ್ಳೇ ಏರುತ್ತದೆ. ಪ್ಯಾರಾಸಿಟಮಾಲ್, ಮೀಥೈಲ್‌ಡೋಪಾ, ಲ್ಯಾಬೆಟಲಾಲ್ ಕೆಲವು ವಿಧಾನಗಳಲ್ಲಿ ಅಂಕಿ ಕೆಡಿಸುತ್ತವೆ, ಹಾಗಾಗಿ ಚೀಟಿಯಲ್ಲಿ ತಿನ್ನುತ್ತಿರುವ ಮದ್ದುಗಳನ್ನೆಲ್ಲ ಬರೆಯಬೇಕು. ಅಂಕಿ ಮಾಮೂಲಿಯ ಎರಡು ಮೂರು ಪಟ್ಟು ಇದ್ದರೆ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಚುಚ್ಚುವ ಮದ್ದು) ಇಲ್ಲದ ಎಂಆರ್‌ಐ. ಈ ಗಡ್ಡೆಗೆ ಸೂಜಿ ಮಾತ್ರ ಚುಚ್ಚಕೂಡದು.

ಎಕ್ಸ್‌ರೇ ಎಂದರೆ ಮಗು ಹಾಳಾಗುತ್ತದೆ ಎಂಬ ಭಯ ಮನೆಯವರಲ್ಲಿ ಮಾತ್ರವಲ್ಲ, ಆಸ್ಪತ್ರೆಯವರಲ್ಲೂ ಇದೆ. ಅಂಕಿ ಇಟ್ಟುಕೊಂಡು ಮಾತಾಡೋಣ. ವಿಕಿರಣವನ್ನು ಮಿಲಿಗ್ರೇಯಲ್ಲಿ ಅಳೆಯುತ್ತಾರೆ, ಮಗುವಿಗೆ ಅಪಾಯ ಎಂದು ಎಣಿಸುವ ಮಟ್ಟ 50 ಮಿಲಿಗ್ರೇ. ಒಂಬತ್ತು ತಿಂಗಳು ಸುಮ್ಮನೆ ಮನೆಯಲ್ಲಿ ಕೂತರೂ ನೆಲ, ಗಾಳಿ, ಆಕಾಶದಿಂದ ಅದಕ್ಕೆ 0.5ರಿಂದ 1 ಮಿಲಿಗ್ರೇ ಸಿಕ್ಕೇ ಸಿಗುತ್ತದೆ. ಎದೆಯ ಎಕ್ಸ್‌ರೇಯಿಂದ ಮಗುವಿಗೆ ತಗಲುವುದು ಹೆಚ್ಚೆಂದರೆ 0.01, ಸ್ತನದ ಎಕ್ಸ್‌ರೇಯಾದ ಮ್ಯಾಮೋಗ್ರಾಮಿನದೂ ಅಷ್ಟೇ, ಮೊಣಕಾಲಿನದು 0.001ಕ್ಕಿಂತ ಕಡಿಮೆ. ರಾತ್ರಿ ನಿದ್ದೆ ಕೆಡಿಸುವ ಮೊಣಕಾಲು ನೋವನ್ನು ಹೊಟ್ಟೆಯ ಭಾರ ಎಂದು ಹೆರಿಗೆಯವರೆಗೆ ಎಳೆದು, ಆಮೇಲೆ ಮೂಳೆಯ ಕ್ಯಾನ್ಸರ್ ಎಂದು ತಿಳಿಯುವುದಕ್ಕೆ ಆ 0.001ರ ಭಯ ಕಾರಣವಾಗಬಾರದು. ಎದೆಯ ಸಿಟಿಯೂ 1 ಮಿಲಿಗ್ರೇ ದಾಟುವುದಿಲ್ಲ. ಕಿಬ್ಬೊಟ್ಟೆಯ ಸಿಟಿ 10ರಿಂದ 50ರವರೆಗೆ ಹೋಗಬಹುದು, ವಿಕಿರಣದ ಮದ್ದು ಚುಚ್ಚಿ ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಪೆಟ್-ಸಿಟಿಯೂ ಹೆಚ್ಚುಕಡಿಮೆ ಅದೇ ಅಂದಾಜು. ಹಾಗಾಗಿ ಈ ಎರಡರ ಬದಲಿಗೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ. ಎಂಆರ್‌ಐಯಲ್ಲಿ ಡಿಫ್ಯೂಷನ್ ಎಂಬ ಚಿತ್ರಣ ಸೇರಿಸಿ ಇಡೀ ಮೈ ನೋಡಿದರೆ ಪೆಟ್-ಸಿಟಿಯ ಬಹುಪಾಲು ಕೆಲಸ ಆಗಿಹೋಗುತ್ತದೆ. ಎಂಆರ್‌ಐಯ ಕಾಂಟ್ರಾಸ್ಟ್ ಮದ್ದಾದ ಗ್ಯಾಡೋಲಿನಿಯಂ ಮಾಸನ್ನು ದಾಟಿ ಮಗುವಿನ ಸುತ್ತಲ ನೀರಿಗೆ ಸೇರುವುದರಿಂದ ಅದು ಬೇಡ. ಥೈರಾಯ್ಡಿಗೆ ಕೊಡುವ ವಿಕಿರಣದ ರೇಡಿಯೋ ಅಯೋಡಿನ್ ಬೇಡವೇ ಬೇಡ, 10-12 ವಾರಕ್ಕೆಲ್ಲ ಮಗುವಿನ ಥೈರಾಯ್ಡ್ ಅದನ್ನು ಹೀರತೊಡಗುತ್ತದೆ. ಯಾವ ಯಂತ್ರವಾದರೂ 20 ವಾರದ ನಂತರ ಅಂಗಾತ ಮಲಗಿಸಬಾರದು. ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ತಾಯಿಗೆ ತಲೆಸುತ್ತು ಬರುತ್ತದೆ. ಬಲ ಸೊಂಟದಡಿ ದಿಂಬಿಟ್ಟು 15 ಡಿಗ್ರಿಯಷ್ಟು ಎಡಕ್ಕೆ ವಾಲಿಸಿದರಾಯಿತು. ಇಷ್ಟು ಸಣ್ಣ ವಿಷಯ ಮರೆತುದಕ್ಕೆ ಅರ್ಧದಲ್ಲೇ ನಿಲ್ಲಿಸಿದ ಎಂಆರ್‌ಐಗಳಿಗೆ ಲೆಕ್ಕವಿಲ್ಲ.

ಮಗುವನ್ನು ನೋಡುವ ಸ್ಕ್ಯಾನಿನಲ್ಲೇ ತಾಯಿಯನ್ನೂ ನೋಡಬಹುದು ಎಂಬುದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಅಂಡಾಶಯಗಳು ಚೆನ್ನಾಗಿ ಕಾಣುವುದು 11-13 ವಾರದ ಸ್ಕ್ಯಾನಿನಲ್ಲಿ, ಆಮೇಲೆ ಗರ್ಭಕೋಶದ ಹಿಂದೆ ಮರೆಯಾಗುತ್ತವೆ. ಆಗ ಕಂಡ ನೀರ್ಗುಳ್ಳೆಗಳಲ್ಲಿ ಹೆಚ್ಚಿನವು 16 ವಾರಕ್ಕೆ ಕರಗುತ್ತವೆ. ಕರಗದೆ ಬೆಳೆದದ್ದು, ಒಳಗೆ ಗಟ್ಟಿ ಭಾಗ ಇರುವುದು, ಎರಡೂ ಕಡೆ ಗಟ್ಟಿಯಾಗಿ ಉಬ್ಬಿದ್ದು ಇವುಗಳನ್ನು ಬಿಡಬಾರದು. ಎರಡೂ ಕಡೆ ಗಟ್ಟಿ ಗಡ್ಡೆಯೆಂದರೆ ಅದು ಬಸಿರಿನದೇ ಆದ, ಹೆರಿಗೆಯ ಮೇಲೆ ಕರಗುವ ಲ್ಯೂಟಿಯೋಮಾ ಇರಬಹುದು, ಜಠರದಿಂದ ಹರಡಿದ ಕ್ರುಕೆನ್‌ಬರ್ಗ್ ಗಡ್ಡೆಯೂ ಇರಬಹುದು. ಶಸ್ತ್ರಕ್ರಿಯೆಗೆ ಮೊದಲು ಜಠರದೊಳಗೆ ಇಣುಕಿ ನೋಡುವುದು ಜಾಣತನ. ಮಗುವಿನ ಅಂಗದೋಷ ನೋಡುವ ಅನಾಮಲಿ ಸ್ಕ್ಯಾನಿನ ಕೊನೆಗೆ ಪ್ರೋಬನ್ನು ಎರಡು ನಿಮಿಷ ತಾಯಿಯ ಲಿವರ್, ಮೂತ್ರಪಿಂಡಗಳ ಕಡೆ ತಿರುಗಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಕತ್ತಿನ ಗಂಟಿನ ವಿಷಯದಲ್ಲಿ ನಮ್ಮ ದೇಶದ ತಾಪತ್ರಯವೇ ಬೇರೆ. ಗಂಟು ಎಂದರೆ ಟಿಬಿ ಎಂದು ಮೊದಲೇ ತೀರ್ಮಾನ. ಸೂಜಿಯಲ್ಲಿ ತೆಗೆದ ಎಫ್‌ಎನ್‌ಎಸಿಯಲ್ಲಿ ಗ್ರಾನ್ಯುಲೋಮಾ (ಟಿಬಿಯಲ್ಲಿ ಕಾಣುವ ಕೋಶಗಳ ಗುಂಪು) ಕಂಡರಂತೂ ಆರು ತಿಂಗಳ ಟಿಬಿ ಮದ್ದು ಶುರು. ಹಾಜ್ಕಿನ್ ಲಿಂಫೋಮಾದಲ್ಲೂ ಗ್ರಾನ್ಯುಲೋಮಾ ಕಾಣಬಹುದು. ಎರಡು ಮೂರು ವಾರದಲ್ಲಿ ಕರಗದ ಗಂಟನ್ನು ಲಿಗ್ನೊಕೇನ್ ಕೊಟ್ಟು ಇಡಿಯಾಗಿ ತೆಗೆಯಬೇಕು. ತೆಗೆದದ್ದನ್ನು ಥಿಯೇಟರಿನಲ್ಲೇ ಎರಡು ಮಾಡಿ, ಒಂದು ಭಾಗ ಸಲೈನಿನಲ್ಲಿ ಟಿಬಿಯ ಜೀನ್‌ಎಕ್ಸ್‌ಪರ್ಟ್ ಮತ್ತು ರೋಗಾಣು ಬೆಳೆಸಿ ನೋಡುವ ಕಲ್ಚರಿಗೆ, ಇನ್ನೊಂದು ಭಾಗ ಕೋಶ ಕೆಡದಂತೆ ಕಾಯುವ ಫಾರ್ಮಾಲಿನಿನಲ್ಲಿ ಪೆಥಾಲಜಿಗೆ. ಇಡೀ ಗಂಟನ್ನು ಫಾರ್ಮಾಲಿನಿಗೆ ಹಾಕಿದಿರೋ, ಕಲ್ಚರಿನ ಆಸೆ ಬಿಡಿ. ಮೈಯೆಲ್ಲ ತುರಿಕೆ ಇದ್ದರೆ ಲಿವರಿನಲ್ಲಿ ಪಿತ್ತ ಕಟ್ಟಿಕೊಳ್ಳುವ ಕೊಲೆಸ್ಟೇಸಿಸ್ ಎನ್ನುವ ಮೊದಲು ರಕ್ತದಲ್ಲಿ ಬೈಲ್ ಆಸಿಡ್ (ಪಿತ್ತದ ಆಮ್ಲ) ಏರಿದೆಯೇ ನೋಡಿ. ಏರದೆ ತುರಿಕೆ, ರಾತ್ರಿ ಬೆವರು, ಮಲಗಿದರೆ ಉಸಿರುಗಟ್ಟುವುದು ಸೇರಿದ್ದರೆ ಎದೆಯ ಎಕ್ಸ್‌ರೇ ಇವತ್ತೇ.

ಬಯಾಪ್ಸಿಯ ಚೀಟಿಯಲ್ಲಿ ಎಷ್ಟನೇ ವಾರದ ಬಸುರಿ ಎಂದು ಬರೆಯದೆ ಕಳಿಸಿದರೆ ಪೆಥಾಲಜಿಯವರನ್ನು ಕಣ್ಣುಕಟ್ಟಿ ಕಾಡಿಗೆ ಬಿಟ್ಟಂತೆ. ಹಾಲೂಡಲು ತಯಾರಾಗುತ್ತಿರುವ ಸ್ತನದ ಕೋಶಗಳು ಎಫ್‌ಎನ್‌ಎಸಿಯಲ್ಲಿ ಕ್ಯಾನ್ಸರಿನಂತೆ ಕಾಣಬಲ್ಲವು, ಅದಕ್ಕೇ ಸ್ತನದ ಗಂಟಿಗೆ 14 ಗೇಜಿನ ದಪ್ಪ ಸೂಜಿಯಲ್ಲಿ ತುಣುಕು ತೆಗೆಯುವ ಕೋರ್ ಬಯಾಪ್ಸಿಯೇ ಆಗಬೇಕು. ಫಾರ್ಮಾಲಿನ್ 10 ಶೇಕಡಾ ಬಫರ್ ಮಾಡಿದ್ದು, ತುಣುಕಿನ ಗಾತ್ರದ ಹತ್ತು ಪಟ್ಟು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ. ಶನಿವಾರ ಸಂಜೆ ತೆಗೆದು ಮಂಗಳವಾರ ರಾತ್ರಿ ಲ್ಯಾಬ್ ಮುಟ್ಟಿದ ತುಣುಕಿನಲ್ಲಿ ಯಾವ ಮದ್ದು ನಾಟುತ್ತದೆ ಎಂದು ತಿಳಿಸುವ ರಿಸೆಪ್ಟರ್ ಪರೀಕ್ಷೆ ಸುಳ್ಳು ಹೇಳಬಹುದು. ಅಪರೂಪದ ಹೆಸರು ಬಂದಾಗ ಎರಡನೇ ಅಭಿಪ್ರಾಯ ಪಡೆಯುವುದು ಯಾರ ಮೇಲೂ ಅಪನಂಬಿಕೆಯಲ್ಲ. ಬೆಂಗಳೂರಿನ ಕಿದ್ವಾಯಿಗೋ ಮುಂಬಯಿಯ ಟಾಟಾಕ್ಕೋ ಹೋಗುವವರು ಸ್ಲೈಡಿನ ಜೊತೆ ತುಣುಕನ್ನು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕನ್ನೂ ಕೇಳಿ ಪಡೆಯಬೇಕು. ಬ್ಲಾಕ್ ಇಲ್ಲದಿದ್ದರೆ ಅಲ್ಲಿ ಹೊಸ ಬಣ್ಣ ಹಾಕಲಾಗುವುದಿಲ್ಲ, ಮತ್ತೆ ಊರಿಗೆ ಫೋನು, ಮತ್ತೆ ಕೊರಿಯರು.

ಕಾಗದದ ವಿಷಯ ಬಂತು, ಕರಾವಳಿಯದೇ ಒಂದು ತೊಡಕು ಹೇಳಬೇಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ. ಮುಂಬಯಿಯಿಂದಲೋ ದುಬೈಯಿಂದಲೋ ಕುಂದಾಪುರಕ್ಕೆ, ಮಂಗಳೂರಿಂದ ಸುಳ್ಯಕ್ಕೆ. ಆಸ್ಪತ್ರೆ ಬದಲು, ವೈದ್ಯರು ಬದಲು. ಮೊದಲ ತಿಂಗಳ ತೂಕ, ಬಿಪಿ, ಹಿಮೋಗ್ಲೋಬಿನ್ ಗಂಡನ ಮನೆಯ ಕಪಾಟಿನಲ್ಲೇ ಉಳಿಯುತ್ತವೆ. ಹೊಸ ವೈದ್ಯರಿಗೆ 30ನೇ ವಾರದ ಬಿಪಿ ಮಾತ್ರ ಕಾಣುತ್ತದೆ, 12ನೇ ವಾರದ್ದು ಕಾಣುವುದಿಲ್ಲ. ಗಡುವಿನ ಲೆಕ್ಕ ಮುರಿದು ಬೀಳುವುದು ಅಲ್ಲೇ. ತಾಯಿ ಕಾರ್ಡು, ಸ್ಕ್ಯಾನುಗಳು, ಎಲ್ಲ ರಕ್ತಪರೀಕ್ಷೆಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ಸೀಮಂತದ ಸೀರೆಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಈಚೆಗೆ ಒಂದು ಹೊಸ ಬಾಗಿಲು ತೆರೆದಿದೆ. 10ನೇ ವಾರದ ನಂತರ ಮಗುವಿನ ಕ್ರೋಮೋಸೋಮ್ ನೋಡಲು ತಾಯಿಯ ರಕ್ತದಲ್ಲಿ ಮಾಡುವ ಎನ್‌ಐಪಿಟಿಯಲ್ಲಿ ಒಮ್ಮೊಮ್ಮೆ ಹಲವು ಕ್ರೋಮೋಸೋಮುಗಳು ಒಟ್ಟಿಗೆ ಏರುಪೇರಾಗಿ ಕಾಣುತ್ತವೆ, ಅಥವಾ ರಿಪೋರ್ಟ್ ಕೊಡಲಾಗುತ್ತಿಲ್ಲ ಎಂಬ ಉತ್ತರ ಬರುತ್ತದೆ. ಮಗು ಸರಿಯಿದ್ದರೆ ಆ ಏರುಪೇರು ತಾಯಿಯದಿರಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವಿಚಿತ್ರ ರಿಪೋರ್ಟ್ ಬಂದ 107 ಮಂದಿಯಲ್ಲಿ 52 ಮಂದಿಗೆ ಕ್ಯಾನ್ಸರ್ ಇತ್ತು. ಅದನ್ನು ಹಿಡಿದುಕೊಟ್ಟದ್ದು ಹೆಚ್ಚಾಗಿ ಇಡೀ ಮೈಯ ಎಂಆರ್‌ಐ, ಲಕ್ಷಣ ಕೇಳಿ ಮೈ ಮುಟ್ಟಿ ನೋಡಿದ್ದು ಅಷ್ಟಾಗಿ ನೆರವಾಗಲಿಲ್ಲ. ಗರ್ಭಕೋಶದ ಫೈಬ್ರಾಯ್ಡ್ ಕೂಡ ಹೀಗೆ ಮಾಡಬಲ್ಲದು, ಗಾಬರಿ ಬೇಡ. ಲ್ಯಾಬಿನ ತಪ್ಪು ಎಂದು ಮಡಚಿಡುವುದೂ ಬೇಡ.

ಕ್ಯಾನ್ಸರ್ ಎಂದು ತಿಳಿದ ದಿನವೇ ಗರ್ಭ ತೆಗೆಸಿ ಎನ್ನುವ ನೆಂಟರು ಹತ್ತು ಮಂದಿ ಬರುತ್ತಾರೆ. ಗರ್ಭ ತೆಗೆಸಿದ ಮಾತ್ರಕ್ಕೆ ಸ್ತನ ಕ್ಯಾನ್ಸರಿನ ಗತಿ ಸುಧಾರಿಸುವುದಿಲ್ಲ. 14 ವಾರದ ನಂತರ ಹಲವು ಕೀಮೋ ಮದ್ದುಗಳನ್ನು ಕೊಡಬಹುದು. ಹೊಟ್ಟೆಯಲ್ಲಿದ್ದಾಗ ತಾಯಿಗೆ ಕ್ಯಾನ್ಸರ್ ಇದ್ದ 129 ಮಕ್ಕಳನ್ನು ಅಷ್ಟೇ ಸಂಖ್ಯೆಯ ಬೇರೆ ಮಕ್ಕಳ ಜೊತೆ ಹೋಲಿಸಿದ 2015ರ ಯುರೋಪಿನ ಅಧ್ಯಯನದಲ್ಲಿ ಬುದ್ಧಿ ಬೆಳವಣಿಗೆಯಲ್ಲಾಗಲಿ ಹೃದಯದಲ್ಲಾಗಲಿ ವ್ಯತ್ಯಾಸ ಕಂಡಿಲ್ಲ. ಉಗ್ರ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಮೊದಲ ತಿಂಗಳುಗಳಲ್ಲೇ ಬಂದರೆ ಮಾತು ಬೇರೆ.

ಇನ್ನು ಕೋರಿಯೋಕಾರ್ಸಿನೋಮಾ. ಇದು ಹೆಚ್ಚಾಗಿ ಬಸಿರು ಮುಗಿದ ಮೇಲೆ ತಲೆಯೆತ್ತುತ್ತದೆ, ಮುತ್ತುಗರ್ಭದ (ಮಾಸು ಗುಳ್ಳೆಗಳ ಗೊಂಚಲಾಗಿ ಬೆಳೆಯುವ ಬಸಿರು) ನಂತರ, ಗರ್ಭಪಾತದ ನಂತರ, ಸರಿಯಾದ ಹೆರಿಗೆಯ ನಂತರವೂ. ಮುತ್ತುಗರ್ಭ ತೆಗೆದ ಮೇಲೆ ವಾರವಾರ ಎಚ್‌ಸಿಜಿ ನೋಡಬೇಕು. ಮೂರು ವಾರದಲ್ಲಿ ಮಾಡಿದ ನಾಲ್ಕು ಪರೀಕ್ಷೆಗಳ ಅಂಕಿ ಇಳಿಯದೆ ನಿಂತರೆ, ಅಥವಾ ಎರಡು ವಾರದಲ್ಲಿ ಮಾಡಿದ ಮೂರು ಪರೀಕ್ಷೆಗಳ ಅಂಕಿ ಏರುತ್ತ ಹೋದರೆ ಅಲ್ಲಿಗೆ ರೋಗನಿದಾನ ಮುಗಿಯಿತು. ತುಣುಕು ತೆಗೆಯುವ ಅಗತ್ಯವೇ ಇಲ್ಲ, ತೆಗೆಯುವುದೇ ಅಪಾಯ. ಯೋನಿಯಲ್ಲಿ ಕಾಣುವ ನೇರಳೆ ಬಣ್ಣದ ಗಂಟಿಗೆ ಚಾಕು ತಾಗಿಸಿದರೆ ರಕ್ತ ನಿಲ್ಲಿಸುವುದು ಕಷ್ಟ. ಅಂಕಿ ಲಕ್ಷಗಟ್ಟಲೆ ಇದ್ದಾಗ ಯಂತ್ರ ಕಕ್ಕಾಬಿಕ್ಕಿಯಾಗಿ ಸುಳ್ಳೇ ಕಡಿಮೆ ತೋರಿಸುವುದುಂಟು. ಸ್ಕ್ಯಾನಿಗೂ ಅಂಕಿಗೂ ತಾಳೆಯಾಗದಿದ್ದರೆ ರಕ್ತವನ್ನು ತೆಳು ಮಾಡಿ ಮತ್ತೆ ನೋಡಿ ಎಂದು ಲ್ಯಾಬಿಗೆ ಹೇಳಬೇಕು. ಬಾಣಂತನದಲ್ಲಿ ರಕ್ತ ಹೋಗುವುದು ಮಾಮೂಲು ಎಂದು ಕಷಾಯ ಕೊಡುತ್ತ ಕೂರುವುದಕ್ಕೂ ಗಡುವುಂಟು. ಆರು ವಾರ ಕಳೆದರೂ ರಕ್ತ ನಿಲ್ಲದಿದ್ದರೆ, ಕೆಮ್ಮಿದಾಗ ರಕ್ತ ಬಂದರೆ, ಮದ್ದಿನಂಗಡಿಯಲ್ಲಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿಯಿಂದಲೇ ಶುರು ಮಾಡಬಹುದು. ಎರಡು ಗೆರೆ ಬಂದರೆ ರಕ್ತದ ಎಚ್‌ಸಿಜಿ, ಎದೆಯ ಎಕ್ಸ್‌ರೇ. 1956ರಲ್ಲೇ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಮದ್ದಿಗೆ ಮಣಿದ ಕ್ಯಾನ್ಸರ್ ಇದು. ಇಂಥದಕ್ಕೆ ತಡವಾಗಿ ಪ್ರಾಣ ಕಳೆದುಕೊಳ್ಳುವುದು ತೀರಾ ಅನ್ಯಾಯ.

ಕೊನೆಗೆ ಮಾಸು. ತಾಯಿಗೆ ಯಾವುದೇ ಕ್ಯಾನ್ಸರ್ ಇದ್ದರೂ ಅದು ಪೆಥಾಲಜಿಗೆ ಹೋಗಬೇಕು. ಚರ್ಮದ ಮೆಲನೋಮಾ ಮಾಸಿಗೆ ಹರಡುವುದರಲ್ಲಿ ಎಲ್ಲಕ್ಕಿಂತ ಮುಂದು. ಅರ್ಧ ಕಿಲೋ ತೂಗುವ ಮಾಸಿಗೆ ಹತ್ತು ಪಟ್ಟು ಫಾರ್ಮಾಲಿನ್ ಎಂದರೆ ಐದು ಲೀಟರ್, ಹೆರಿಗೆ ಕೋಣೆಯಲ್ಲಿ ಅಷ್ಟು ಯಾರು ಇಟ್ಟಿರುತ್ತಾರೆ? ಮುಚ್ಚಳದ ಡಬ್ಬಿಯಲ್ಲಿ ಹಾಕಿ 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟರೆ ಬೆಳಗಿನವರೆಗೆ ಏನೂ ಆಗುವುದಿಲ್ಲ. ಫ್ರೀಜರಿಗೆ ಹಾಕಿದರೆ ಮಾತ್ರ ಕೋಶಗಳೆಲ್ಲ ಒಡೆದು ನೋಡಲಾಗದಂತಾಗುತ್ತದೆ. ಮಾಸು ಪೆಥಾಲಜಿಗೆ ಎಂದು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಮೊದಲೇ ಬರೆದಿಡಬೇಕು, ರಾತ್ರಿ ಪಾಳಿಯ ಸಿಸ್ಟರಿಗೆ ಬಾಯಲ್ಲೂ ಹೇಳಿರಬೇಕು. ನಸುಕಿನ ಮೂರು ಗಂಟೆಗೆ ಹೆರಿಗೆಯಾದಾಗ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ, ಆಸ್ಪತ್ರೆಯ ಕಸಕ್ಕೆ ಇಟ್ಟ ಹಳದಿ ಚೀಲ ಮಂಚದ ಪಕ್ಕದಲ್ಲೇ ಇರುತ್ತದೆ.